ನವೋದಯದ ಪರೀಕ್ಷೆಯೂ ನಮ್ಮ ಮಕ್ಕಳೂ

ಮಳೆಗಾಲ ಕಾಲಿಟ್ಟು, ಶಾಲೆಗಳು ತೆರೆದು, ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಶಾಲೆಯ ಕಚೇರಿಯ ಬಾಗಿಲಲ್ಲಿ ಐದನೆಯ ತರಗತಿಯ ಮಕ್ಕಳ ತಾಯಿತಂದೆಗಳು ಬಂದು ನಿಲ್ಲುವುದು ವಾಡಿಕೆ. ಒಂದು ಕೈಯಲ್ಲಿ ಒದ್ದೆ ಕೊಡೆ, ಮತ್ತೊಂದರಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಜೋಪಾನವಾಗಿಟ್ಟ ಮಗುವಿನ ಭಾವಚಿತ್ರ, ಆಧಾರ್ ಕಾರ್ಡು. "ಮಾಷ್ಟ್ರೇ, ನವೋದಯದ ಅರ್ಜಿಗೆ ನಿಮ್ಮದೊಂದು ಸಹಿ ಬೇಕಿತ್ತು" ಎಂದು ಸಂಕೋಚದಿಂದ ಕೇಳುತ್ತಾರೆ. ಅವರ ಪೈಕಿ ಅಡಕೆ ತೋಟದ ಕೂಲಿಕಾರರಿದ್ದಾರೆ, ಬೀಡಿ ಕಟ್ಟುವ ತಾಯಂದಿರಿದ್ದಾರೆ, ಸಣ್ಣ ಅಂಗಡಿಯವರಿದ್ದಾರೆ. ತಮಗೆ ಸಿಗದೆ ಹೋದ ವಿದ್ಯೆ ಮಕ್ಕಳಿಗಾದರೂ ಸಿಗಲೆಂಬ ಹಂಬಲ ಅವರೆಲ್ಲರದು. ಆ ಹಂಬಲವನ್ನು ಕಂಡಾಗ ನಮಗೆ ಸಂತೋಷವೂ ಆಗುತ್ತದೆ, ಒಂದು ಬಗೆಯ ಅಳುಕೂ ಆಗುತ್ತದೆ. ಆ ಅಳುಕಿನ ಕಾರಣವನ್ನು ಹೇಳಿಕೊಳ್ಳುವುದಕ್ಕಾಗಿಯೇ ಈ ಲೇಖನ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲೆಗೊಂದರಂತೆ ನವೋದಯ ವಿದ್ಯಾಲಯಗಳು ಹುಟ್ಟಿಕೊಂಡವು. ಮೊತ್ತಮೊದಲ ಎರಡು ಶಾಲೆಗಳು ಹರಿಯಾಣದ ಝಜ್ಜರಿನಲ್ಲಿಯೂ ಮಹಾರಾಷ್ಟ್ರದ ಅಮರಾವತಿಯಲ್ಲಿಯೂ ಆರಂಭವಾದವು. ನಮ್ಮ ಕಾಸರಗೋಡು ಜಿಲ್ಲೆಯ ವಿದ್ಯಾಲಯ ಪೆರಿಯದಲ್ಲಿದೆ. ತಮಿಳುನಾಡಿನಲ್ಲಿ ಮಾತ್ರ ಈ ಶಾಲೆಗಳು ಸ್ಥಾಪನೆಯಾಗದೆ ಉಳಿದುದರಿಂದ ಹೊಸೂರು, ತಾಳವಾಡಿ, ನೀಲಗಿರಿಗಳ ನಮ್ಮ ಬಂಧುಗಳಿಗೆ ಈ ಬಾಗಿಲು ತೆರೆದಿಲ್ಲ. ಊಟ, ವಸತಿ, ಸಮವಸ್ತ್ರ, ಪಠ್ಯಪುಸ್ತಕ ಎಲ್ಲವೂ ಉಚಿತ. ಸ್ಥಾನಗಳ ನೂರಕ್ಕೆ 75 ಪಾಲು ಗ್ರಾಮೀಣ ಮಕ್ಕಳಿಗೆ ಮೀಸಲು. ಮೂರನೇ ಒಂದು ಪಾಲಿಗೆ ಕಡಿಮೆಯಾಗದಂತೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಬೇಕೆಂಬ ನಿಯಮವೂ ಇದೆ. ಬಡವರ ಮನೆಯ ಬುದ್ಧಿವಂತ ಮಗುವಿಗೆ ಇದು ನಿಜವಾಗಿಯೂ ದೊಡ್ಡ ಭಾಗ್ಯ. ಆದರೆ ಒಂದು ವಿದ್ಯಾಲಯಕ್ಕೆ ವರ್ಷಕ್ಕೆ ಹೆಚ್ಚೆಂದರೆ 80 ಸ್ಥಾನಗಳು. ಒಮ್ಮೆ ಪರೀಕ್ಷೆಗೆ ಕುಳಿತ ಮಗು ಮತ್ತೊಮ್ಮೆ ಆರನೆಯ ತರಗತಿಯ ಪ್ರವೇಶಕ್ಕಾಗಿ ಕುಳಿತುಕೊಳ್ಳುವಂತಿಲ್ಲ.

ಪರೀಕ್ಷೆಯ ಸ್ವರೂಪ

ಪರೀಕ್ಷೆಯ ಅವಧಿ ಎರಡು ಗಂಟೆ. ಪ್ರಶ್ನೆಗಳು 80, ಅಂಕಗಳು 100. ಪ್ರಶ್ನೆಯೊಂದಕ್ಕೆ ಒಂದೂಕಾಲು ಅಂಕ. ಮೊದಲನೆಯ ಭಾಗ ಬುದ್ಧಿಶಕ್ತಿಯದು: 40 ಪ್ರಶ್ನೆ, 50 ಅಂಕ. ಎರಡನೆಯದು ಅಂಕಗಣಿತ: 20 ಪ್ರಶ್ನೆ, 25 ಅಂಕ. ಮೂರನೆಯದು ಭಾಷೆ: ಅದರಲ್ಲಿಯೂ 20 ಪ್ರಶ್ನೆ, 25 ಅಂಕ. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರಗಳನ್ನು ಕೊಟ್ಟಿರುತ್ತಾರೆ. ಸರಿಯಾದುದನ್ನು ಆರಿಸಿ ಉತ್ತರ ಹಾಳೆಯ ವೃತ್ತವನ್ನು ಪೆನ್ನಿನಿಂದ ತುಂಬಬೇಕು. ತಪ್ಪಿಗೆ ಅಂಕ ಕಳೆಯುವ ಕ್ರಮವಿಲ್ಲ.

ಬುದ್ಧಿಶಕ್ತಿಯ ಭಾಗದಲ್ಲಿ ಓದುವುದಕ್ಕೆ ಹೆಚ್ಚೇನೂ ಇಲ್ಲ, ಎಲ್ಲವೂ ಚಿತ್ರಗಳು. ಗುಂಪಿಗೆ ಸೇರದ ಆಕೃತಿ ಯಾವುದು, ಕನ್ನಡಿಯಲ್ಲಿ ಈ ಚಿತ್ರ ಹೇಗೆ ಕಾಣುತ್ತದೆ, ಮಡಚಿ ತೂತು ಮಾಡಿದ ಕಾಗದವನ್ನು ಬಿಡಿಸಿದರೆ ತೂತುಗಳು ಎಲ್ಲೆಲ್ಲಿರುತ್ತವೆ ಎಂಬಂಥ ಪ್ರಶ್ನೆಗಳು. ಶಾಲೆಯ ಉತ್ಸವಕ್ಕೆ ಕಾಗದ ಮಡಚಿ ಕತ್ತರಿಸಿ ತೋರಣ ಮಾಡಿದ, ತೆಂಗಿನ ಸಿರಿಯಿಂದ ಚಪ್ಪರ ಸಿಂಗರಿಸುವುದನ್ನು ನೋಡಿದ, ಅಂಗಳದಲ್ಲಿ ಚುಕ್ಕಿಯಿಟ್ಟು ರಂಗೋಲಿ ಬರೆದ ಮಕ್ಕಳಿಗೆ ಇದು ತೀರ ಹೊಸ ಲೋಕವಲ್ಲ. ಸ್ವಲ್ಪ ಅಭ್ಯಾಸ ಸಿಕ್ಕಿದರೆ ನಮ್ಮ ಹಳ್ಳಿಯ ಮಕ್ಕಳು ಇದರಲ್ಲಿ ಯಾರಿಗೂ ಕಡಿಮೆಯಿಲ್ಲವೆಂಬುದು ನಮ್ಮ ಅನುಭವ.

ಉಳಿದ ಐವತ್ತು ಅಂಕಗಳು ಮಾತ್ರ ಓದಿನ ಮೇಲೆ ನಿಂತಿವೆ. ಭಾಷೆಯ ಭಾಗವೆಂದರೆ ನಾಲ್ಕು ಗದ್ಯಖಂಡಗಳು. ಒಂದೊಂದನ್ನು ಓದಿ ಐದೈದು ಪ್ರಶ್ನೆಗಳಿಗೆ ಉತ್ತರಿಸಬೇಕು. ಅಂಕಗಣಿತದ ಪ್ರಶ್ನೆಗಳಲ್ಲಿಯೂ ಬಹುಪಾಲು ಮಾತಿನ ಲೆಕ್ಕಗಳೇ. ಈ ಐವತ್ತು ಅಂಕಗಳನ್ನು ಮಗು ಯಾವ ಭಾಷೆಯಲ್ಲಿ ಬರೆಯಬೇಕೆಂಬುದು ಪರೀಕ್ಷೆಯ ದಿನ ನಿರ್ಧಾರವಾಗುವುದಲ್ಲ, ಅರ್ಜಿ ತುಂಬಿದ ದಿನವೇ ನಿರ್ಧಾರವಾಗಿಬಿಡುತ್ತದೆ. ಯಾವ ರಾಜ್ಯದಲ್ಲಿ ಯಾವ ಯಾವ ಭಾಷೆಗಳಲ್ಲಿ ಬರೆಯಬಹುದೆಂಬ ಪಟ್ಟಿ ವಿವರಣಪತ್ರಿಕೆಯಲ್ಲಿಯೇ ಇರುತ್ತದೆ. ಕೇರಳದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಆ ಪಟ್ಟಿಯಲ್ಲಿ ಕನ್ನಡಕ್ಕೆ ಸ್ಥಾನವಿದೆ.

ನಮ್ಮಿಂದಾದ ಒಂದು ತಪ್ಪು

ಕೆಲವು ವರ್ಷಗಳ ಹಿಂದಿನ ಮಾತು. ಐದನೆಯ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ತಂದೆ ತೋಟದ ಕೆಲಸಕ್ಕೆ ಹೋಗುವವರು, ತಾಯಿ ಬೀಡಿ ಕಟ್ಟುವವರು; ಮನೆಮಾತು ತುಳು, ಶಾಲೆಯ ಓದು ಕನ್ನಡ. ಲೆಕ್ಕವೆಂದರೆ ಆ ಮಗುವಿಗೆ ಆಟ. ಹಲಗೆಯ ಮೇಲೆ ನಾವು ಪ್ರಶ್ನೆ ಬರೆದು ತಿರುಗುವುದರೊಳಗೆ ಉತ್ತರ ಅವಳ ತುಟಿಯ ಮೇಲಿರುತ್ತಿತ್ತು. ನವೋದಯಕ್ಕೆ ನಮ್ಮ ಶಾಲೆಯಿಂದ ಒಬ್ಬರು ಹೋಗುವುದಿದ್ದರೆ ಇವಳೇ ಎಂದು ಅಧ್ಯಾಪಕರೆಲ್ಲರೂ ಎಣಿಸಿದ್ದೆವು.

ಅವಳ ತಂದೆಗೆ ಯಾರೋ ಬುದ್ಧಿ ಹೇಳಿದರು: "ದೊಡ್ಡ ಶಾಲೆಯ ಪರೀಕ್ಷೆ, ಇಂಗ್ಲಿಷಿನಲ್ಲಿ ಬರೆದರೇ ಬೆಲೆ." ಅವರು ಅದನ್ನು ನಂಬಿ ಅರ್ಜಿಯಲ್ಲಿ ಇಂಗ್ಲಿಷನ್ನು ನಮೂದಿಸಿದರು. ಪ್ರಮಾಣಪತ್ರಕ್ಕೆ ಸಹಿ ಹಾಕಿದವರು ನಾವು. ಹೆಸರು, ಜನ್ಮದಿನಾಂಕ, ತರಗತಿಗಳನ್ನು ಎರಡೆರಡು ಬಾರಿ ನೋಡಿದೆವು. ಪರೀಕ್ಷೆಯ ಭಾಷೆ ಯಾವುದೆಂದು ಒಂದು ಮಾತು ಕೇಳಲಿಲ್ಲ. ತಿಳಿಯುವಾಗ ತಿದ್ದುಪಡಿಯ ಅವಧಿ ಮುಗಿದಿತ್ತು. ಉಳಿದ ವಾರಗಳಲ್ಲಿ ಇಂಗ್ಲಿಷಿನ ಗದ್ಯಖಂಡಗಳನ್ನು ಅವಸರದಿಂದ ಓದಿಸಿದೆವು. ಮಗು ಪಾಪ, ರಾತ್ರಿ ಕುಳಿತು ಶಬ್ದಗಳ ಅರ್ಥವನ್ನು ಬಾಯಿಪಾಠ ಮಾಡಿದಳು.

ಪರೀಕ್ಷೆ ಮುಗಿಸಿ ಬಂದ ಮರುದಿನ ಅವಳು ನಮ್ಮ ಮೇಜಿನ ಬಳಿ ನಿಂತು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಲೆಕ್ಕ ಎಲ್ಲ ಗೊತ್ತಿತ್ತು ಮಾಷ್ಟ್ರೇ. ಏನು ಕೇಳಿದ್ದಾರೆ ಅಂತ ಗೊತ್ತಾಗಲಿಲ್ಲ."

ಅವಳು ಆಯ್ಕೆಯಾಗಲಿಲ್ಲ. ಕನ್ನಡದಲ್ಲಿ ಬರೆದಿದ್ದರೆ ಆಯ್ಕೆಯಾಗುತ್ತಿದ್ದಳೆಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೆ ತನಗೆ ತಿಳಿದುದನ್ನು ತಿಳಿದಿದೆಯೆಂದು ತೋರಿಸುವ ಅವಕಾಶವಾದರೂ ಅವಳಿಗೆ ಸಿಗುತ್ತಿತ್ತು. ಆ ಅವಕಾಶವನ್ನು ತಪ್ಪಿಸಿದವರಲ್ಲಿ ನಾವೂ ಒಬ್ಬರೆಂಬ ಕೊರಗು ನಮ್ಮನ್ನು ಬಿಟ್ಟಿಲ್ಲ.

ಲೆಕ್ಕಕ್ಕೂ ಭಾಷೆಯಿದೆ

'ಗಣಿತಕ್ಕೆ ಭಾಷೆಯೇನು, ಎರಡೂ ಎರಡೂ ಎಲ್ಲಿಯೂ ನಾಲ್ಕೇ' ಎಂದು ಹೇಳುವವರಿದ್ದಾರೆ. ಅಂಕೆಗಳಿಗೆ ಆ ಮಾತು ಸಲ್ಲುತ್ತದೆ. ಲೆಕ್ಕದ ವಾಕ್ಯಗಳಿಗೆ ಸಲ್ಲದು. '12ರಿಂದ 5ನ್ನು ಕಳೆ' ಎಂದು ಕನ್ನಡದಲ್ಲಿ ಹೇಳಿದಾಗ ಸಂಖ್ಯೆಗಳು ಬರೆಯಬೇಕಾದ ಕ್ರಮದಲ್ಲಿಯೇ ಕಿವಿಗೆ ಬೀಳುತ್ತವೆ: ಮೊದಲು 12, ಆಮೇಲೆ 5. ಇಂಗ್ಲಿಷಿನಲ್ಲಿ 'ಸಬ್‌ಟ್ರ್ಯಾಕ್ಟ್ ಫೈವ್ ಫ್ರಮ್ ಟ್ವೆಲ್ವ್' ಎಂದಾಗ ಐದು ಮೊದಲು ಬರುತ್ತದೆ. ಆ ಭಾಷೆಯ ನಡಿಗೆ ತಿಳಿಯದ ಮಗು 5ನ್ನು ಮೇಲೆ ಬರೆದು 12ನ್ನು ಕೆಳಗೆ ಬರೆದು ದಿಗಿಲುಗೊಂಡು ಕುಳಿತುಕೊಳ್ಳುತ್ತದೆ. ಇದು ಗಣಿತದ ದೋಷವಲ್ಲ, ಭಾಷೆಯ ತೊಡಕು.

ಭಿನ್ನರಾಶಿಗಳ ಸಂಗತಿಯೂ ಹೀಗೆಯೇ. 'ಐದರಲ್ಲಿ ಮೂರು ಪಾಲು' ಎನ್ನುವಾಗ ಕನ್ನಡವು ಇಡಿಯನ್ನು ಮೊದಲು ಕಣ್ಣ ಮುಂದಿಟ್ಟು ಬಳಿಕ ಅದರಿಂದ ತೆಗೆದ ಭಾಗವನ್ನು ಹೇಳುತ್ತದೆ. ಇಂಗ್ಲಿಷಿನ 'ತ್ರೀ ಫಿಫ್ತ್ಸ್' ಭಾಗವನ್ನು ಮೊದಲು ಹೇಳುತ್ತದೆ. 'ಮೂರನೇ ಎರಡರಷ್ಟು ಬಹುಮತ' ಎಂದು ವೃತ್ತಪತ್ರಿಕೆಯಲ್ಲಿ ಓದುವ ನಾವು ನಮ್ಮ ಮಾತಿನ ಈ ಗುಣವನ್ನು ಗಮನಿಸಿಯೇ ಇರುವುದಿಲ್ಲ. ಸಂಖ್ಯೆಯ ಹೆಸರುಗಳನ್ನೇ ನೋಡಿರಿ: ಇಪ್ಪತ್ತರ ಮೇಲೆ ಒಂದು ಇಪ್ಪತ್ತೊಂದು, ಎಪ್ಪತ್ತರ ಮೇಲೆ ಆರು ಎಪ್ಪತ್ತಾರು. ಹತ್ತುಗಳು ಮುಂದೆ, ಬಿಡಿಗಳು ಹಿಂದೆ. ಬರೆಯುವ ಕ್ರಮವೂ ಅದೇ. ಇಂಗ್ಲಿಷಿನ 'ಥರ್ಟೀನ್' ಮತ್ತು 'ಥರ್ಟಿ'ಗಳ ನಡುವೆ ಮುಗ್ಗರಿಸದ ಮಕ್ಕಳನ್ನು ನಾವಂತೂ ಕಡಿಮೆ ಕಂಡಿದ್ದೇವೆ.

ಕನ್ನಡದಲ್ಲಿ ಗಣಿತ ಹೇಳುವುದು ಇಂದಿನ ಮಾತೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು 'ವ್ಯವಹಾರಗಣಿತ'ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ನಮ್ಮ ಅಜ್ಜಂದಿರು ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಬಾಯಿಪಾಠ ಹೇಳುತ್ತಿದ್ದರು. ಅಕ್ಕಿಯ ಒಂದು ಮುಡಿಗೆ ಮೂರು ಕಳಸೆ, ಕಳಸೆಗೆ 14 ಸೇರು, ಆದುದರಿಂದ ಮುಡಿಗೆ 42 ಸೇರು ಎಂಬ ಲೆಕ್ಕ ತುಳುನಾಡಿನ ಹಿರಿಯರಿಗೆ ಕಾಗದವಿಲ್ಲದೆ ಬರುತ್ತಿತ್ತು. ಅಪವರ್ತನ, ಅಪವರ್ತ್ಯಗಳನ್ನು ಕಲಿಸುವಾಗ ನಾವು ಇಂದಿಗೂ ಈ ಮುಡಿ ಕಳಸೆಗಳನ್ನೇ ಹಿಡಿಯುತ್ತೇವೆ. ಮಕ್ಕಳು ಮನೆಗೆ ಹೋಗಿ ಅಜ್ಜನನ್ನು ಕೇಳುತ್ತಾರೆ; ಅಜ್ಜನಿಗೂ ತಾನು ಬಲ್ಲುದನ್ನು ಹೇಳಿದ ಸಮಾಧಾನ.

ಕೂಡಿಸುವುದೋ, ಕಳೆಯುವುದೋ?

ಮಾತಿನ ಲೆಕ್ಕವೊಂದನ್ನು ಕೊಟ್ಟರೆ ಮಕ್ಕಳು ಮೊದಲು ಕೇಳುವ ಪ್ರಶ್ನೆ ಇದು: "ಮಾಷ್ಟ್ರೇ, ಇದು ಕೂಡಿಸುವುದಾ, ಕಳೆಯುವುದಾ?" ಈ ಪ್ರಶ್ನೆಗೆ ಉತ್ತರ ಕೊಟ್ಟ ಅಧ್ಯಾಪಕನು ಆ ಲೆಕ್ಕವನ್ನು ತಾನೇ ಮಾಡಿಕೊಟ್ಟಂತೆ. ಉಳಿದದ್ದು ಬರಿಯ ಕೈಕೆಲಸ. ಮಗು ವಾಕ್ಯವನ್ನು ಓದಿಲ್ಲ, ಅದರೊಳಗಿನ ಅಂಕೆಗಳನ್ನು ಮಾತ್ರ ಹೆಕ್ಕಿಕೊಂಡಿದೆ ಎಂದು ಅದರ ಅರ್ಥ.

ಆದುದರಿಂದ ನಮ್ಮ ಶಾಲೆಯಲ್ಲಿ ಒಂದು ಕ್ರಮವನ್ನು ಇಟ್ಟುಕೊಂಡಿದ್ದೇವೆ. ಲೆಕ್ಕವನ್ನು ಮಗು ಮೊದಲು ಗಟ್ಟಿಯಾಗಿ ಓದಬೇಕು. ಬಳಿಕ ಪುಸ್ತಕ ಮುಚ್ಚಿ, ಕತೆ ಹೇಳುವಂತೆ ತನ್ನ ಮನೆಮಾತಿನಲ್ಲಿ ಅದನ್ನು ಹೇಳಬೇಕು. ನಮ್ಮ ಒಂದೇ ತರಗತಿಯಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳಿದ್ದಾರೆ. ತುಳುವಿನಲ್ಲಿ ಒಂಜಿ, ರಡ್ಡ್, ಮೂಜಿ ಎಂದು ಎಣಿಸಿಕೊಂಡರೆ ಲೆಕ್ಕ ಮೈಲಿಗೆಯಾಗುವುದಿಲ್ಲ. ಹೇಳಿದುದನ್ನು ಆಮೇಲೆ ಒಂದು ಸಣ್ಣ ಚಿತ್ರವಾಗಿ ಬರೆಯಬೇಕು. ಅಷ್ಟಾದ ಮೇಲೆಯೇ ಅಂಕೆಗಳು. ಕೊನೆಯಲ್ಲಿ, ಬಂದ ಉತ್ತರ ಲೋಕದಲ್ಲಿ ಸಾಧ್ಯವೇ ಎಂದು ತಾನೇ ಕೇಳಿಕೊಳ್ಳಬೇಕು. 5 ಲೀಟರಿನ ಡಬ್ಬದಿಂದ ದಿನಕ್ಕೆ 125 ಮಿಲಿಲೀಟರಿನಂತೆ ತೆಂಗಿನೆಣ್ಣೆ ಖರ್ಚಾದರೆ ಎಷ್ಟು ದಿನ ಬಂದೀತೆಂಬ ಲೆಕ್ಕಕ್ಕೆ ಒಬ್ಬ ಹುಡುಗನು 625 ದಿನ ಎಂದು ಬರೆದಿದ್ದನು. "ನಿನ್ನ ಅಮ್ಮನಿಗೆ ಹೇಳು, ಎರಡು ವರ್ಷಕ್ಕೆ ಹತ್ತಿರ ಹತ್ತಿರ ಎಣ್ಣೆ ತರುವುದು ಬೇಡವಂತೆ" ಎಂದೆವು. ತರಗತಿಯೆಲ್ಲ ನಕ್ಕಿತು, ಅವನೂ ನಕ್ಕನು. ನಕ್ಕು, ಗುಣಾಕಾರವನ್ನು ಅಳಿಸಿ, ಲೀಟರನ್ನು ಮಿಲಿಲೀಟರಿಗೆ ತಂದು ಭಾಗಿಸಿ 40 ದಿನ ಎಂದು ತಂದನು.

ಈ ಕ್ರಮ ನಿಧಾನದ್ದು. ಮೊದಲ ಎರಡು ತಿಂಗಳು ದಿನಕ್ಕೆ ಮೂರು ಲೆಕ್ಕಗಳಿಗಿಂತ ಹೆಚ್ಚು ಆಗುವುದಿಲ್ಲ. ಮಾದರಿ ಪ್ರಶ್ನಪತ್ರಿಕೆಗಳನ್ನು ರಾಶಿ ಹಾಕಿ ಬಿಡಿಸುವ ಶಿಬಿರಗಳನ್ನು ಕಂಡ ಹೆತ್ತವರಿಗೆ ನಮ್ಮ ಮೂರು ಲೆಕ್ಕಗಳು ಆಲಸ್ಯದಂತೆ ತೋರುತ್ತವೆ. ಆದರೆ ನಿಧಾನವಾಗಿ ಓದಲು ಕಲಿತ ಮಗು ಆಮೇಲೆ ಬೇಗ ಓದಬಲ್ಲುದು. ಓದದೆ ಬಿಡಿಸಲು ಕಲಿತ ಮಗು ಪ್ರಶ್ನೆಯ ರೂಪ ಸ್ವಲ್ಪ ಬದಲಾದರೆ ದಾರಿ ತಪ್ಪುತ್ತದೆ. ಲಾಭನಷ್ಟದಂಥ ಭಾಗಗಳನ್ನು ಪಾಠಪುಸ್ತಕದ ಆಚೆಗೂ ಹೋಗಿ ಕಲಿಸಬೇಕಾಗುತ್ತದೆ. ಅದಕ್ಕೂ ಅಂಗಡಿ, ಹಾಲಿನ ಸೊಸೈಟಿ, ಅಡಕೆಯ ವ್ಯಾಪಾರಗಳೇ ನಮಗೆ ಪಾಠೋಪಕರಣ. ಎರಡು ಗಂಟೆಯ ಪೂರ್ಣ ಮಾದರಿ ಪರೀಕ್ಷೆಗಳು, ವೃತ್ತ ತುಂಬುವ ಅಭ್ಯಾಸ, ತಿಳಿಯದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಿ ಕೊನೆಗೆ ಅದಕ್ಕೆ ಮರಳುವ ಜಾಣ್ಮೆ, ಇವು ಕೊನೆಯ ಆರೇಳು ವಾರಗಳಿಗೆ ಸಾಕು.

ಗಡಿನಾಡಿನ ನಮಗೆ ಇನ್ನೊಂದು ತೊಡಕಿದೆ. ನಮ್ಮ ಕನ್ನಡ ಪಾಠಪುಸ್ತಕಗಳು ಕೇರಳದವು. ಹೆತ್ತವರು ಮಂಗಳೂರಿನಿಂದ ತರುವ ಮಾರ್ಗದರ್ಶಿಗಳು ಕರ್ನಾಟಕದ ಪಾಠಕ್ರಮವನ್ನು ಅನುಸರಿಸಿದವು. ಪಾರಿಭಾಷಿಕ ಶಬ್ದಗಳು ಎಲ್ಲ ಕಡೆ ಒಂದೇ ಆಗಿರುವುದಿಲ್ಲ. ಅದಕ್ಕಾಗಿ ಪ್ರತಿ ಮಗುವಿನ ಬಳಿಯೂ ಮೂರು ಕಲಮುಗಳ ಒಂದು ನೋಟುಪುಸ್ತಕವಿದೆ: ಮೊದಲನೆಯದರಲ್ಲಿ ನಮ್ಮ ಪುಸ್ತಕದ ಶಬ್ದ, ಎರಡನೆಯದರಲ್ಲಿ ಬೇರೆ ಕಡೆಯ ಕನ್ನಡ ಶಬ್ದ, ಮೂರನೆಯದರಲ್ಲಿ ಇಂಗ್ಲಿಷ್ ಶಬ್ದ. ವರ್ಷಾಂತ್ಯಕ್ಕೆ ಆ ಪುಸ್ತಕ ಮಗುವಿನದೇ ಆದ ಒಂದು ಪುಟ್ಟ ನಿಘಂಟಾಗುತ್ತದೆ.

ಹಾಗಾದರೆ ಇಂಗ್ಲಿಷ್ ಬೇಡವೆ?

ಬೇಡವೆಂದು ನಾವು ಎಂದೂ ಹೇಳೆವು. ನವೋದಯದಲ್ಲಿ ಎಂಟನೆಯ ತರಗತಿಯ ವರೆಗೆ ಮಾತೃಭಾಷೆ ಅಥವಾ ಪ್ರಾದೇಶಿಕ ಭಾಷೆಯಲ್ಲಿ ಪಾಠವೆಂಬ ನಿಯಮವಿದ್ದರೂ, ಆಮೇಲೆ ಗಣಿತ, ವಿಜ್ಞಾನಗಳು ಇಂಗ್ಲಿಷಿನಲ್ಲಿ, ಸಮಾಜ ವಿಜ್ಞಾನ ಹಿಂದಿಯಲ್ಲಿ. ಒಂಬತ್ತನೆಯ ತರಗತಿಯಲ್ಲಿ ಕೆಲವು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಹಿಂದೀ ಪ್ರದೇಶದ ವಿದ್ಯಾಲಯಕ್ಕೆ ಕಳುಹಿಸುವ ಪದ್ಧತಿಯೂ ಇದೆ. ನವೋದಯಕ್ಕೆ ಹೋಗದ ಮಗುವಿಗೂ ಮುಂದೊಂದು ದಿನ ಇಂಗ್ಲಿಷ್ ಬೇಕೇ ಬೇಕು.

ನಾವು ಹೇಳುವುದಿಷ್ಟೆ: ಇಂಗ್ಲಿಷನ್ನು ಇಂಗ್ಲಿಷಾಗಿ ಕಲಿಸೋಣ, ಲೆಕ್ಕದ ಬಾಗಿಲಿಗೆ ಅದನ್ನು ಬೀಗವಾಗಿ ಹಾಕುವುದು ಬೇಡ. ಬರೆದಂತೆ ಓದುವ ಕನ್ನಡಕ್ಕೆ ಒಗ್ಗಿದ ಮಗುವಿಗೆ, ಒಂದೇ ಅಕ್ಷರ ಊರಿಗೊಂದು ಉಚ್ಚಾರ ತಾಳುವ ಇಂಗ್ಲಿಷ್ ಕೆಲಕಾಲ ಕಂಗೆಡಿಸುವುದು ಸಹಜ. ಒಂದನೆಯ ತರಗತಿಯಿಂದಲೇ ದಿನಕ್ಕೆ ಇಪ್ಪತ್ತು ನಿಮಿಷ ಕತೆ ಕೇಳಿಸುವುದು, ಗಟ್ಟಿಯಾಗಿ ಓದಿಸುವುದು, ಕೇಳಿದುದರ ಮೇಲೆ ಎರಡು ಪ್ರಶ್ನೆ ಕೇಳುವುದು, ಇಷ್ಟನ್ನು ತಪ್ಪದೆ ನಡೆಸಿದರೆ ಐದನೆಯ ತರಗತಿಯ ಹೊತ್ತಿಗೆ ಮಗು ಸಣ್ಣದೊಂದು ಗದ್ಯಖಂಡದ ಮುಂದೆ ಹೆದರಿ ನಿಲ್ಲುವುದಿಲ್ಲ. 'ನಾಟ್', 'ಎಕ್ಸೆಪ್ಟ್', 'ಲೆಸ್ ದ್ಯಾನ್' ಮುಂತಾದ ಸಣ್ಣ ಪದಗಳೇ ಪ್ರಶ್ನೆಯ ಅರ್ಥವನ್ನು ತಿರುಗಿಸುವವು. ದೊಡ್ಡ ದೊಡ್ಡ ಶಬ್ದಗಳ ಪಟ್ಟಿಗಿಂತ ಇವುಗಳ ಪರಿಚಯ ಮುಖ್ಯ.

ಆ ಹುಡುಗಿಯ ಪ್ರಸಂಗವಾದ ಮೇಲೆ ಅರ್ಜಿ ತುಂಬುವ ಮೊದಲು ಹೆತ್ತವರ ಸಭೆ ಕರೆಯುವುದನ್ನು ರೂಢಿ ಮಾಡಿದೆವು. ಸಭೆಯಲ್ಲಿ ಪ್ರತಿ ಮಗುವಿಗೂ ಕನ್ನಡದ ಒಂದು ಗದ್ಯಖಂಡ, ಇಂಗ್ಲಿಷಿನ ಒಂದು ಗದ್ಯಖಂಡ, ಎರಡೂ ಭಾಷೆಯ ಐದೈದು ಲೆಕ್ಕಗಳನ್ನು ಕೊಡುತ್ತೇವೆ. ಫಲಿತಾಂಶವನ್ನು ತಾಯಿತಂದೆಗಳ ಮುಂದಿಟ್ಟು, "ಇನ್ನು ನೀವೇ ನೋಡಿ ಹೇಳಿ" ಎನ್ನುತ್ತೇವೆ. ಒಂದು ವರ್ಷ, ಮೊದಲ ತರಗತಿಗಳನ್ನು ಬೇರೆಡೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ನಮ್ಮಲ್ಲಿಗೆ ಬಂದ ಹುಡುಗನೊಬ್ಬನಿಗೆ ಇಂಗ್ಲಿಷೇ ಸರಿಯೆಂದು ಕಂಡಿತು, ಹಾಗೆಯೇ ಬರೆಸಿದೆವು. ಇಲ್ಲಿ ಭಾಷಾಭಿಮಾನದ ಮಾತಿಲ್ಲ. ಮಗುವಿಗೆ ಯಾವ ಭಾಷೆ ಹೆಚ್ಚು ಅರ್ಥವಾಗುತ್ತದೆಯೋ ಅದೇ ಆ ಮಗುವಿನ ಪರೀಕ್ಷೆಯ ಭಾಷೆ. ನಮ್ಮ ಹೆಚ್ಚಿನ ಮಕ್ಕಳಿಗೆ ಅದು ಕನ್ನಡವಾಗಿದೆ.

ಆಯ್ಕೆಯಾಗದ ಮಕ್ಕಳು

ಫಲಿತಾಂಶ ಬಂದ ದಿನ ಆಯ್ಕೆಯಾದ ಮಗುವಿನ ಮನೆಯಲ್ಲಿ ಪಾಯಸ. ಉಳಿದ ಮಕ್ಕಳ ಮನೆಯಲ್ಲಿ? ಐದನೆಯ ತರಗತಿಯ ಹತ್ತು ವರ್ಷದ ಮಗುವಿಗೆ 'ನೀನು ಸೋತೆ' ಎಂಬ ಮಾತು ಬಹಳ ಭಾರದ್ದು. ಅರ್ಜಿ ಹಾಕಿದವರಲ್ಲಿ ಬಹುಪಾಲು ಮಕ್ಕಳು ಆಯ್ಕೆಯಾಗುವುದಿಲ್ಲವೆಂಬುದು ಮೊದಲೇ ತಿಳಿದ ಸಂಗತಿ. ಏಕೆಂದರೆ ಸ್ಥಾನಗಳೇ ಅಷ್ಟು. ಆದುದರಿಂದ ಆಯ್ಕೆಯಾಗದ ಮಗುವಿನ ಕೈಯಲ್ಲಿಯೂ ಏನಾದರೂ ಉಳಿಯುವಂಥ ತಯಾರಿಯೇ ನಿಜವಾದ ತಯಾರಿ. ಗೈಡಿನ ಉತ್ತರಗಳು ಪರೀಕ್ಷೆ ಮುಗಿದ ಮರುವಾರವೇ ಮರೆತುಹೋಗುತ್ತವೆ. ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ, ಲೆಕ್ಕವನ್ನು ಚಿತ್ರವಾಗಿ ಕಾಣುವ ಅಭ್ಯಾಸ, ಉತ್ತರವನ್ನು ತಾನೇ ಪರೀಕ್ಷಿಸಿಕೊಳ್ಳುವ ಗುಣ, ಇವು ಮರೆತುಹೋಗುವಂಥವಲ್ಲ.

ನಮ್ಮ ಆ ಹುಡುಗಿ ಏಳನೆಯ ತರಗತಿಯ ವರೆಗೆ ನಮ್ಮಲ್ಲಿಯೇ ಓದಿದಳು. ಈಗ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿಯೇ ಇದ್ದಾಳೆ. ಗಣಿತದ ಮೇಲಿನ ಪ್ರೀತಿ ಕುಂದಿಲ್ಲ. ಕಳೆದ ವರ್ಷ ದಾರಿಯಲ್ಲಿ ಸಿಕ್ಕಿದ ಅವಳ ತಂದೆ, "ತಮ್ಮನಿಗೆ ಅರ್ಜಿ ಹಾಕಬೇಕು ಮಾಷ್ಟ್ರೇ. ಈ ಸಲ ಸಭೆಗೆ ಬಂದೇ ಹಾಕುತ್ತೇನೆ" ಎಂದರು. ಅವರ ಮಾತಿನಲ್ಲಿ ಆಕ್ಷೇಪವಿರಲಿಲ್ಲ; ಅದರಿಂದಲೇ ನಮಗೆ ಹೆಚ್ಚು ನಾಚಿಕೆಯಾಯಿತು.

ಹೆತ್ತವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ದಿನಕ್ಕೆ ಕಾಲು ಗಂಟೆ ಮಗುವಿನಿಂದ ಏನನ್ನಾದರೂ ಓದಿಸಿ ಕೇಳಿರಿ. ನಿಮಗೆ ಓದು ಬಾರದಿದ್ದರೂ ಕೇಳಲು ಬರುತ್ತದೆ. ಎಂಟು ನೂರು ಬೀಡಿಯನ್ನು ಇಪ್ಪತ್ತೈದರ ಕಟ್ಟು ಮಾಡಿದರೆ ಎಷ್ಟು ಕಟ್ಟಾಯಿತೆಂದು ಮಗುವನ್ನೇ ಕೇಳಿರಿ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆಗೆದಿರಿಸಿ ಬೇಗ ಮಲಗಿಸಿರಿ. ಅರ್ಜಿ ತುಂಬುವ ದಿನ ಬಂದಾಗ, ಯಾರ ಮಾತಿಗೂ ಅವಸರಪಡದೆ ಮಗುವನ್ನು ಹತ್ತಿರ ಕುಳ್ಳಿರಿಸಿಕೊಂಡು ಎರಡೂ ಭಾಷೆಯ ಒಂದೊಂದು ಪುಟ ಓದಿಸಿ, "ಇದರಲ್ಲಿ ಏನು ಹೇಳಿದ್ದಾರೆ?" ಎಂದು ಕೇಳಿರಿ. ಯಾವ ಪುಟದ ಕತೆಯನ್ನು ಅದು ನಿಮಗೆ ಸರಿಯಾಗಿ ಹೇಳುತ್ತದೆಯೋ ಆ ಭಾಷೆಯನ್ನೇ ಬರೆಯಿರಿ. ಸಹಿ ಹಾಕುವ ನಮ್ಮಂಥ ಅಧ್ಯಾಪಕರೂ ಸಹಿಗೆ ಮೊದಲು ಆ ಒಂದು ಪ್ರಶ್ನೆಯನ್ನು ಕೇಳುವುದನ್ನು ಮರೆಯದಿರೋಣ.